ಉರುಫ್

ಜನವರಿ 12, 2005

ಎರಡನೇ ಪಿಯುಸಿ ಮಕ್ಕಳಿಗೆ ಪದ್ಯ ಓದಿ ಹೇಳುತ್ತಿದ್ದೆ. ಸಾಲಿನ ನಡುವೆ ಒಂದು ಪದ ಇರಲಿಲ್ಲ. ಅಳಿಸಿದಂತೆಯೂ ಅಲ್ಲ, ಮಸಿ ಚೆಲ್ಲಿದಂತೆಯೂ ಅಲ್ಲ. ಅಲ್ಲಿ ಪದವೇ ಹುಟ್ಟಿರಲಿಲ್ಲ ಅನ್ನುವ ಹಾಗೆ. ಪುಸ್ತಕವನ್ನು ಕೊಂಚ ಸರಿಸಿದರೆ ಆ ಪದ ಬಂತು, ಪಕ್ಕದ್ದು ಹೋಯಿತು. ಬಾಯಿಪಾಠವಿದ್ದ ಪದ್ಯವಾದ್ದರಿಂದ ಮುಂದುವರಿಸಿದೆ. ನಾನು ತಡೆದು ನಿಂತದ್ದನ್ನು ಮಕ್ಕಳು ಭಾವ ಎಂದುಕೊಂಡಿರಬೇಕು. ಹಿಂದಿನ ಬೆಂಚು ಕೂಡ ಸುಮ್ಮನಿತ್ತು.

ಎಡಗಣ್ಣು ಚಿಕ್ಕಂದಿನಿಂದಲೂ ಮಂದ. ಇಷ್ಟು ವರ್ಷ ಓದಿದ್ದೆಲ್ಲ ಬಲಗಣ್ಣಿನ ದುಡಿಮೆ. ಅದಕ್ಕೇ ಹೀಗಾಗಿದೆ.

ಊಟಕ್ಕೆ ಕೂತಾಗ ಅವ್ವನ ಮುಖ ನೋಡಿದೆ. ಸೆರಗು ಇತ್ತು, ವಿಭೂತಿಯ ಅಂಚು ಇತ್ತು, ಕಿವಿಯ ಬೆಂಡೋಲೆ ಇತ್ತು. ನಡುವೆ ಅವ್ವ ಇರಲಿಲ್ಲ.

ಜನವರಿ 17

ಹರಪನಹಳ್ಳಿಗೆ ಹೋಗಿ ಬಂದೆ. ಕಣ್ಣಿನ ಡಾಕ್ಟರು ಶಿವಶಂಕರ ತಾಳ್ಮೆಯ ಮನುಷ್ಯ. ಹನಿ ಹಾಕಿ, ಕತ್ತಲೆ ಕೋಣೆಯಲ್ಲಿ ಕೂರಿಸಿ, ಕಣ್ಣಿನೊಳಕ್ಕೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು.

"ಕಣ್ಣಿನ ಹಿಂದಿನ ಪರದೆ ಐತಲ್ಲ ಮೇಡಂ, ಅದರ ನಟ್ಟನಡುವೆ ಒಂದು ಸಣ್ಣ ತೂತು ಬಿದ್ದೈತೆ. ಅದು ನನ್ನ ಕೈಯಾಗೆ ಆಗೋ ಕೆಲಸ ಅಲ್ಲ. ಹುಬ್ಬಳ್ಳಿಯಾಗೆ ಪರದೆ ತಜ್ಞರು ಅದಾರೆ, ಅವರೇ ಮುಚ್ಚಬೇಕು."

"ಮುಚ್ಚದಿದ್ದರೆ?"

"ಬೇಸಿಗೆ ದಾಟಿದ್ರೆ ತೂತಿನ ಅಂಚು ಗಟ್ಟಿಯಾಗ್ತಾವೆ. ಆಮೇಲೆ ಏನು ಮಾಡಿದ್ರೂ ಅಕ್ಷರ ಕಾಣಲ್ಲ. ಪೂರ್ತಿ ಕುರುಡೇನಲ್ಲ ಬಿಡ್ರಿ, ಓಡಾಡಿಕೊಂಡು ಇರಬಹುದು."

ಓಡಾಡಿಕೊಂಡು ಇರಬಹುದು. ನಮ್ಮೂರು ಕೊಟ್ಟೂರಿನವರೆಗೆ ಬಸ್ಸಿನಲ್ಲಿ ಅದೇ ಮಾತು ಕಿವಿಯಲ್ಲಿ ಕುಲುಕುತ್ತಿತ್ತು. ಓದುವುದೊಂದನ್ನು ತೆಗೆದರೆ ನನ್ನಲ್ಲಿ ಓಡಾಡುವುದು ಯಾರು?

ನಮ್ಮದು ಅನುದಾನವಿಲ್ಲದ ಕಾಲೇಜು. ನನ್ನ ಸಂಬಳಕ್ಕೆ ಆ ಆಪರೇಷನ್ ಎಟುಕುವುದಲ್ಲ. ಆದರೆ ಹೊಲದ ಹೆಸರಿನಲ್ಲಿ ಅವ್ವ ಸಹಕಾರ ಸಂಘದ ಸದಸ್ಯತ್ವ ಮಾಡಿಸಿದ್ದಾಳೆ, ಹೋದ ವರ್ಷ ಸಂಘದವರ ಆರೋಗ್ಯ ವಿಮೆಗೂ ನನ್ನನ್ನು ಸೇರಿಸಿದ್ದಾಳೆ. ಕಾರ್ಡು ದೇವರ ಜಗಲಿಯ ಮೇಲಿದೆ, ವಿಭೂತಿ ಗಟ್ಟಿಯ ಪಕ್ಕ. ಡಾಕ್ಟರು ಹುಬ್ಬಳ್ಳಿಗೆ ಚೀಟಿ ಬರೆದುಕೊಟ್ಟಿದ್ದಾರೆ. ವಿಮೆಯವರು ಒಪ್ಪಿಗೆಯ ಮುದ್ರೆ ಒತ್ತಿದರೆ ಆಯಿತು.

ಜನವರಿ 24

ವಿಮೆಯ ಕಚೇರಿ ಹಗರಿಬೊಮ್ಮನಹಳ್ಳಿಯಲ್ಲಿ, ಸ್ಟೇಷನ್ನಿನ ಹಿಂದೆ. ನಾನು ಕಾಯುತ್ತಿದ್ದಷ್ಟು ಹೊತ್ತೂ ಒಂದು ಗೂಡ್ಸ್ ಗಾಡಿ ನಿಂತೇ ಇತ್ತು. ಮೇಜಿನ ಹಿಂದೆ ಹಾಲಸ್ವಾಮಿ ಎಂಬ ಮೃದು ಮಾತಿನ ಮನುಷ್ಯ. ಚೀಟಿ ಓದಿ ಬೇಸರದಿಂದ ತಲೆಯಾಡಿಸಿದ.

"ಹರಪನಹಳ್ಳಿ ದಾವಣಗೆರಿ ಜಿಲ್ಲಾಕ್ಕ ಬರತೈತ್ರಿ. ನಿಮ್ಮ ಕಾರ್ಡು ಬಳ್ಳಾರಿ ಜಿಲ್ಲಾದ್ದು. ಕೂಡ್ಲಿಗಿ ದವಾಖಾನ್ಯಾಗ ಬರಸ್ಕೊಂಡು ಬರ್ರಿ."

"ನಮ್ಮೂರಿಗೆ ಹರಪನಹಳ್ಳಿ ಹತ್ತಿರ."

"ಬಸ್ಸಿಗೆ ಹತ್ರರಿ. ಜಿಲ್ಲಾಕ್ಕ ದೂರ." ಆಮೇಲೆ ಕಾರ್ಡನ್ನೂ ಚೀಟಿಯನ್ನೂ ಅಕ್ಕಪಕ್ಕ ಇಟ್ಟ. "ಇನ್ನೊಂದು ತೊಡಕು ಐತ್ರಿ ಮೇಡಂ. ಕಾರ್ಡಿನ್ಯಾಗ ತಿಪ್ಪೇರುದ್ರಮ್ಮ ಅಂತ ಐತಿ. ಚೀಟಿಯಾಗ ಸುಕನ್ಯಾ ಅಂತ ಐತಿ. ಕಣ್ಣು ಯಾರದ್ರಿ?"

ನಗು ಬಂತು. ನನ್ನದೇ ಅಂದೆ. "ನಿಮ್ಮದ ಅಂದ್ರ ಯಾರದು?" ಅಂದ. ಅವನು ತಮಾಷೆ ಮಾಡುತ್ತಿರಲಿಲ್ಲ.

ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ, ಒಮ್ಮೆಯೂ ಬರೆದಿಲ್ಲವಾದ್ದರಿಂದ. ನನಗಿಂತ ಮೊದಲು ಅವ್ವನಿಗೆ ಒಬ್ಬ ಮಗಳಿದ್ದಳು. ಅವಳ ಹೆಸರು ಸುಕನ್ಯಾ. ಮೂರು ತುಂಬಿ ನಾಲ್ಕರಲ್ಲಿದ್ದಾಗ ಜ್ವರ ಬಂದು ಹೋದಳು. ಮುಂದೆ ನಾನು ಹುಟ್ಟಿದಾಗ, ಸಾವಿಗೆ ಈ ಮನೆಯ ದಾರಿ ಗೊತ್ತಾಗಿದೆ ಎಂದು ಹೆದರಿ, ನನ್ನನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಮಲಗಿಸಿದರು. ಅವ್ವನ ತವರಿನಲ್ಲಿ ನೆರೆಮನೆಯ ಮೈಲಮ್ಮ, ಬಿಸಾಕಿದ ಕೂಸನ್ನು ಎತ್ತಿಕೊಳ್ಳುವವಳಂತೆ ಎತ್ತಿಕೊಂಡಳು. ಅವ್ವ ಅವಳಿಗೆ ಒಂದು ಮೊರ ತೌಡು ಕೊಟ್ಟು ನನ್ನನ್ನು ಕೊಂಡಳು. ತಿಪ್ಪೇರುದ್ರಮ್ಮ ಎಂದು ಹೆಸರಿಟ್ಟರು. ಯಾರಿಗೂ ಬೇಡದ್ದು ಸಾವಿಗೂ ಬೇಡ ಎಂಬ ಲೆಕ್ಕ. ನಮ್ಮ ಕಡೆ ಹೀಗೆ ಬದುಕಿದವರು ಓಣಿಗೊಬ್ಬರು ಸಿಗುತ್ತಾರೆ.

ಶಾಲೆಗೆ ಸೇರಿಸುವ ದಿನ ಮಾಸ್ತರು ಮಗಳ ಹೆಸರೇನು ಅಂದಾಗ ಅಪ್ಪನ ಬಾಯಿಂದ ಸುಕನ್ಯಾ ಅಂತಲೇ ಬಂತಂತೆ. ಬೇಕೆಂದು ಹೇಳಿದರೋ, ಮರೆತು ಹೇಳಿದರೋ, ಅಪ್ಪ ಬದುಕಿದ್ದವರೆಗೂ ಹೇಳಲಿಲ್ಲ. ಎಂ.ಎ. ಪದವಿಯ ತನಕ ಆ ಹೆಸರೇ ಬಂತು. ಅವ್ವ ಮಾತ್ರ ಒಂದು ದಿನವೂ ಅದನ್ನು ಉಚ್ಚರಿಸಿಲ್ಲ. ಮದುವೆಯಾಗದೆ ಅವಳ ಜೊತೆಗೇ ಉಳಿದವಳಾದ್ದರಿಂದ ರೇಷನ್ ಕಾರ್ಡಿನಲ್ಲಿ, ಸಂಘದಲ್ಲಿ, ಅಡುಗೆಮನೆಯಲ್ಲಿ ನಾನು ತಿಪ್ಪವ್ವ.

ಹಾಲಸ್ವಾಮಿ ಎಲ್ಲವನ್ನೂ ಕೇಳಿ, "ಎರಡೂ ಒಬ್ಬರ ಹೆಸರು ಅಂತ ಕೂಡ್ಲಿಗ್ಯಾಗ ಪ್ರಮಾಣಪತ್ರ ಮಾಡಿಸ್ರಿ, ಸಾಕು" ಅಂದ.

ಫೆಬ್ರವರಿ 2

ಪದ ಕಾಣೆಯಾಗುವ ಜಾಗದಲ್ಲಿ ಈಗ ಏನೋ ಇದೆ.

ಪುಟದ ಮೇಲೆ ಕಣ್ಣು ನಿಲ್ಲಿಸಿದರೆ, ತೂತು ಇರಬೇಕಾದಲ್ಲಿ ಒಂದು ಸಣ್ಣ ಮಗು ಆ ಕಡೆ ಮುಖ ಮಾಡಿ ಕೂತಿರುತ್ತದೆ. ಹೆಬ್ಬೆರಳಿನಷ್ಟು. ಬೋಳಿಸಿದ ತಲೆ. ಗಂಡುಹುಡುಗ ಇರಬೇಕು. ಏನನ್ನೋ ಆರಿಸುತ್ತಿರುವಂತೆ ಭುಜ ಅಲುಗುತ್ತದೆ. ರೆಪ್ಪೆ ಬಡಿದರೆ ಹೋಗುತ್ತದೆ, ಬಡಿಯದೆ ನೋಡಿದರೆ ಉಳಿಯುತ್ತದೆ. ಹೆದರಿಕೆಯಾಗಲಿಲ್ಲ. ಅದರ ತಲೆಯ ಮೇಲಿಂದ ಮುಂದಿನ ಸಾಲು ಓದಲು ಪ್ರಯತ್ನಪಟ್ಟೆ, ಅಷ್ಟೇ.

ಫೆಬ್ರವರಿ 9

ಕೂಡ್ಲಿಗಿ. ದವಾಖಾನೆಯ ಡಾಕ್ಟರು ತಲೆಯೆತ್ತದೆ ಹರಪನಹಳ್ಳಿಯ ಚೀಟಿಯನ್ನು ನೋಡಿ ಹಾಗೆಯೇ ಸುಕನ್ಯಾ ಹೆಸರಿಗೆ ಇನ್ನೊಂದು ಬರೆದುಕೊಟ್ಟರು. ತಾಲೂಕು ಕಚೇರಿ ಎದುರಿನ ಬೇವಿನ ಮರದ ಕೆಳಗೆ ಟೈಪಿಸ್ಟ್ ಪ್ರಮಾಣಪತ್ರ ಹೊಡೆದ. "ಸುಕನ್ಯಾ ಉರುಫ್ ತಿಪ್ಪೇರುದ್ರಮ್ಮ ಆದ ನಾನು" ಎಂದು ಶುರುವಾಗುತ್ತದೆ. ವಕೀಲರ ಮುಂದೆ ಸಹಿ ಮಾಡಿದೆ.

ಮನೆಗೆ ಬಂದು ಅವ್ವನಿಗೆ ಓದಿ ಹೇಳಿದೆ. ಅವರೆಕಾಯಿ ಸುಲಿಯುತ್ತಿದ್ದಳು.

"ಉರುಫ್ ಅಂದ್ರೇನಬೇ?"

"ಇಬ್ಬರೂ ಒಬ್ಬರೇ ಅಂತ."

ಅವಳ ಕೈ ನಿಂತಿತು. "ಇಬ್ಬರೂ ಒಂದ ಅಲ್ಲ ಅಂತ ತೋರಸಾಕ ನಾ ನಿನ್ನ ತಿಪ್ಪಿ ಮ್ಯಾಲ ಹಾಕೀನಿ. ಹಸಿ ಮೈಯಾಗ ನಿಂತು ನೋಡೀನಿ, ಇರವಿ ಹತ್ತತಿದ್ವು ನಿನಗ. ಈಗ ನೀ ಛಾಪಾ ಕಾಗದದ ಮ್ಯಾಲ ಒಂದ ಅಂತ ಬರಸ್ಕೊಂಡು ಬಂದಿ."

"ಅದು ಬರೀ ಕಾಗದ, ಅವ್ವಾ. ಕಣ್ಣಿಗೋಸ್ಕರ."

"ಎರಡು ಹೆಸರಿನ ನಡುವ ಗ್ವಾಡಿ ಇತ್ತು. ನೀ ಬಾಗಲಾ ಕೊರದಿ." ಮತ್ತೆ ಸುಲಿಯತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ, ನನಗಲ್ಲ ಎಂಬಂತೆ: "ಬಾಗಲಾ ಅಂದ ಮ್ಯಾಲ ಆ ಕಡಿಯಿಂದನೂ ಬರ್ತಾರ."

ಫೆಬ್ರವರಿ 16

ಪ್ರಮಾಣಪತ್ರ ಸಾಲದಂತೆ. ಹುಟ್ಟಿನಿಂದ ಬಲ್ಲ ಹಿರಿಯರೊಬ್ಬರ ಹೇಳಿಕೆ ಬೇಕು. ತಾಯಿ ಆಗುವುದಿಲ್ಲ, ತಾಯಿ ಮಗಳ ಪರ ಹೇಳುತ್ತಾಳೆ. ಉಳಿದಿರುವುದು ಮೈಲಮ್ಮ ಒಬ್ಬಳೇ, ಹಡಗಲಿಯಲ್ಲಿ, ಅವ್ವನ ತವರಿನ ಓಣಿಯಲ್ಲಿ. ಹಾಲಸ್ವಾಮಿ ಖುದ್ದಾಗಿ ಬಂದು ಬರೆದುಕೊಳ್ಳಬೇಕಂತೆ.

ಇವತ್ತು ಓದಲಿಲ್ಲ. ಮಗು ಕೂತೇ ಇತ್ತು.

ಫೆಬ್ರವರಿ 27, ಭಾನುವಾರ

ಹಡಗಲಿಯ ಬಸ್ಸಿನಲ್ಲಿ ಹೂವಿನ ಬುಟ್ಟಿಗಳ ನಡುವೆ ಹಾಲಸ್ವಾಮಿಯೂ ನಾನೂ ನಿಂತೇ ಹೋದೆವು. ಮೈಲಮ್ಮ ಕಟ್ಟೆಯ ಮೇಲೆ ಮಲ್ಲಿಗೆ ಕಟ್ಟುತ್ತಿದ್ದಳು. ನನ್ನ ಗಲ್ಲ ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿದಳು.

"ನಮ್ಮ ತಿಪ್ಪಿ. ಎಷ್ಟು ಸೊರಗೀಯವ್ವ. ಈ ತಮ್ಮ ಯಾರು, ಗಂಡಾ?"

ಹಾಲಸ್ವಾಮಿ ಕೆಮ್ಮಿದ. "ವಿಮಾ ಕಚೇರಿಯವನು ನಾನು, ಅಮ್ಮಾ. ಇವರು ಸುಕನ್ಯಾ ಹೌದೋ ಅಲ್ಲೋ, ಅದೊಂದು ಹೇಳ್ರಿ."

"ಈಕೀ ತಿಪ್ಪೀ. ತಿಪ್ಪಿ ಮ್ಯಾಲಿಂದ ಎತ್ತಿದಾಕಿ ನಾನು. ಒಂದು ಮೊರ ತೌಡಿಗೆ ಕೊಟ್ಟುಬಿಟ್ಟೆ. ಇಂಗ್ಲೀಸು ಕಲೀತಾಳಂತ ಗೊತ್ತಿದ್ರ ಎರಡು ಕೇಳ್ತಿದ್ದೆ."

"ಕನ್ನಡ ಎಂ.ಎ. ಮೈಲಮ್ಮ" ಅಂದೆ.

"ಹಂಗಾರ ಒಂದ ಸಾಕು ಬಿಡು."

ಹಾಲಸ್ವಾಮಿ ನಕ್ಕು ಕಾಗದ ತೆಗೆದ. "ಆಯ್ತ್ರಿ. ಹೆಸರು ಎರಡು, ಮನಷ್ಯಾಳು ಒಬ್ಬಾಕಿ. ಅಷ್ಟ ಬರಕೊಂತೀನಿ."

"ಸುಳ್ಳು ಬರೀಬ್ಯಾಡ ತಮ್ಮ." ಮೈಲಮ್ಮನ ದನಿ ಏರಲಿಲ್ಲ, ಹೂ ಕಟ್ಟುವ ಬೆರಳೂ ನಿಲ್ಲಲಿಲ್ಲ. "ಸುಕನ್ಯಾ ನನ್ನ ತೊಡಿ ಮ್ಯಾಲ ಹೋತು. ಒಂದು ಕೂಸು ಮಣ್ಣಾಗೈತಿ, ಒಂದು ನಿನ್ನ ಮುಂದ ಚಾ ಕುಡ್ಯಾಕತ್ತೈತಿ. ಎರಡನ್ನ ಹೆಂಗ ಒಂದ ಮಾಡ್ತಿ?"

"ಅಮ್ಮಾ, ಇವರ ಕಣ್ಣಿನ ಸಲುವಾಗಿ..."

"ಕಣ್ಣು ಬರ್ಲಿ. ಅದಕ್ಕ ಆ ಕೂಸಿನ ಹೆಸರು ಯಾಕ ಎಳೀತೀರಿ? ಜಾವಳ ತೆಗದು ಎಂಟು ದಿನ ಆಗಿದ್ದಿಲ್ಲ ಅದರದು. ತಲಿ ಬೋಳು ಇತ್ತು. ಕೂದಲ ಈಗಿನ್ನೂ ಬರಾಕತ್ತಿತ್ತು, ಅಂಗೈಗೆ ಗರಗರ ಹತ್ತತಿತ್ತು. ಮೊರದಾಗ ಹೂವು ಹಾಕಿಕೊಂಡು ಆರಿಸಿಕೋತ ಕುಂತರ ಯಾರು ಬಂದ್ರೂ ತಿರುಗಿ ನೋಡ್ತಿದ್ದಿಲ್ಲ."

ಬೋಳು ತಲೆಯ ವಿಷಯ ನಾನು ಯಾರಿಗೂ ಹೇಳಿಲ್ಲ. ಈ ಪುಸ್ತಕಕ್ಕೆ ಬಿಟ್ಟರೆ. ಅವ್ವನೂ ನನಗೆ ಎಂದೂ ಹೇಳಿರಲಿಲ್ಲ.

ಹೊರಡುವಾಗ ಮೈಲಮ್ಮ ಎರಡು ಮೊಳ ಹೂವು ಕೊಟ್ಟಳು. ಒಂದೇ ಮೊಳ ಸಾಕು ಅಂದೆ. "ಅದು ನಿನಗ" ಅಂದು, ಇನ್ನೊಂದನ್ನೂ ನನ್ನ ಕೈಗೆ ಹಾಕಿದಳು.

ಮಾರ್ಚ್ 4

ಹಾಲಸ್ವಾಮಿ ಒಳ್ಳೆಯವನು, ಕೇಳಿದ್ದನ್ನೇ ಬರೆದ. ಬಳ್ಳಾರಿಯ ಜಿಲ್ಲಾ ಕಚೇರಿಯಿಂದ ಉತ್ತರ ಬಂದಿದೆ. ಅವನಿಗೆ ಅದನ್ನು ಹೇಳಲು ನಾಚಿಕೆಯಾಗುತ್ತಿತ್ತು.

"ಅವರು ಏನಂತಾರ ಅಂದ್ರ ಮೇಡಂ, ಕಾರ್ಡಿನವರು ಬದುಕ್ಯಾರ, ಆದ್ರ ಅವರಿಗೆ ಕಣ್ಣು ಬ್ಯಾನಿ ಐತಿ ಅನ್ನಾಕ ಚೀಟಿ ಇಲ್ಲ. ಚೀಟಿ ಇದ್ದಾಕಿ ಸತ್ತಾಳ. ಸತ್ತವರಿಗೆ ವಿಮಾ ಇಲ್ಲ."

ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಬಸ್ಸಿನ ಹೊತ್ತಿನವರೆಗೆ ಕೂತಿದ್ದೆ. ಅಳು ಬಂದರೆ ಕಣ್ಣಿಗೆ ಕೆಟ್ಟದ್ದೇ ಎಂದು ಡಾಕ್ಟರನ್ನು ಕೇಳಬೇಕಿತ್ತು. ಎದುರಿನ ಹಳಿಯ ಮೇಲೆ ಕಣ್ಣಿಟ್ಟರೆ ಹಳಿ ನಡುವೆ ತುಂಡಾಗಿತ್ತು, ತುಂಡಾದಲ್ಲಿ ಅವಳು ಕೂತಿದ್ದಳು.

ಅವಳು ಎಂದು ಬರೆದಿದ್ದೇನೆ. ಇರಲಿ.

ಮಾರ್ಚ್ 11

ಹರಪನಹಳ್ಳಿ ಡಾಕ್ಟರಿಗೆ ಮಗು ಕಾಣುವ ವಿಷಯ ಫೋನಿನಲ್ಲಿ ಕೊನೆಗೂ ಹೇಳಿದೆ. ಅವರು ಬೆರಗಾಗಲಿಲ್ಲ.

"ಬಹಳ ಜನಕ್ಕೆ ಹಿಂಗೆ ಆಗ್ತೈತೆ ಮೇಡಂ, ಹೇಳಾಕೆ ಅಂಜ್ತಾರೆ. ಕಣ್ಣು ಖಾಲಿ ಬಿಟ್ಟ ಜಾಗನ ಮೆದುಳು ತುಂಬ್ತೈತೆ. ತೂತು ಮುಚ್ಚಿದ್ರೆ ಹೋಗ್ತೈತೆ."

"ಎಲ್ಲಿಗೆ?" ಅಂದೆ. ಅವರು ನಕ್ಕರು. ನಾನು ನಿಜವಾಗಿ ಕೇಳಿದ್ದೆ.

ಸಂಜೆ ಪದ್ಯದ ಪುಸ್ತಕ ತೆರೆದು ಕೂತೆ. ಓದಲು ಆಗುವುದಿಲ್ಲ, ಅವಳಿಗೆ ಕೇಳುವಂತೆ ಬಾಯಿಪಾಠದಿಂದ ಹೇಳಿದೆ. ಮೊದಲ ಸಲ ಭುಜ ಅಲುಗುವುದು ನಿಂತಿತು. ಆಲಿಸುತ್ತಿದ್ದಳು. ನನ್ನ ತರಗತಿಯಲ್ಲಿ ಯಾರೂ ಅಷ್ಟು ಚೆನ್ನಾಗಿ ಆಲಿಸಿದ್ದಿಲ್ಲ. ಈಗ ದಿನಾ ಒಂದೊಂದು ಹೇಳುತ್ತೇನೆ.

ಮಾರ್ಚ್ 23

ಹಾಲಸ್ವಾಮಿಯೇ ದಾರಿ ಹುಡುಕಿದ. ತಾನಾಗಿ ನಮ್ಮ ಮನೆಗೆ ಬಂದ; ಅವ್ವ ಮಂಡಕ್ಕಿ ಒಗ್ಗರಣೆ ಮಾಡಿಕೊಟ್ಟಳು.

"ಸುಕನ್ಯಾ ಅನ್ನೋದನ್ನ ಬಿಟ್ಟುಬಿಡ್ರಿ ಮೇಡಂ. ರೇಷನ್ ಕಾರ್ಡು, ಸಂಘದ ಕಾರ್ಡು ಎರಡೂ ತಿಪ್ಪೇರುದ್ರಮ್ಮ ಅಂತ ಅದಾವು. ಕೂಡ್ಲಿಗಿ ದವಾಖಾನಿಗೆ ತಿಪ್ಪೇರುದ್ರಮ್ಮ ಆಗಿ ಹೋಗಿ ಹೊಸಾ ಚೀಟಿ ಬರಸ್ರಿ. ಅವರಿಗೇನು ಮುಖ ನೆನಪಿರತೈತಿ?"

"ಹಳೆ ಅರ್ಜಿ?"

"ಅದಕ್ಕ ಒಂದು ಸಾಲು ಬೇಕಾಗತೈತ್ರಿ. ಸುಕನ್ಯಾ ಅನ್ನಾಕಿ ಹಾಕಿದ ಅರ್ಜಿಗೂ ನನಗೂ ಸಂಬಂಧ ಇಲ್ಲ, ಆಕಿ ಬ್ಯಾರೆ ನಾ ಬ್ಯಾರೆ ಅಂತ. ಅಷ್ಟ ಬರದು ಕೊಟ್ರ ಉರುಫ್ ಹರದು ಒಗಿತೀನಿ."

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಸಮಾಧಾನವಾಗುತ್ತದೆಂದು ನಾನು ಎಣಿಸಿದ್ದೆ. ಅವಳ ಮುಖ ಕಾಣಲಿಲ್ಲ, ಮಾತು ಕೇಳಿಸಿತು. "ಮನಿಗೆ ಬಂದ ಮ್ಯಾಲ ಸಂಬಂಧ ಇಲ್ಲ ಅಂದ್ರ ಆ ಕೂಸು ಎಲ್ಲಿಗೆ ಹೋಗಬೇಕು?"

ಹಾಲಸ್ವಾಮಿಗೆ ಅರ್ಥವಾಗಲಿಲ್ಲ. ನಾನು ಬರೆದೆ. ಸಾಲು ನೇರವಾಗಿ ಬಂತೋ ಇಲ್ಲವೋ ತಿಳಿಯದು. ಬೇಸಿಗೆ ಅರ್ಧ ಮುಗಿಯುತ್ತಾ ಬಂದಿದೆ, ನನಗೆ ಓದಬೇಕು. ಅವಳು ನನ್ನ ಅಕ್ಕ ಎಂದು ಇವತ್ತಿನವರೆಗೆ ಒಮ್ಮೆಯೂ ಅಂದುಕೊಂಡಿರಲಿಲ್ಲ. ಸಹಿ ಮಾಡುವಾಗ ಅಂದುಕೊಂಡೆ.

ತಿಪ್ಪೇರುದ್ರಮ್ಮ ಎಂದು ಸಹಿ ಹಾಕಿದ ಮೇಲೆ ತಲೆಯೆತ್ತಿ ಗೋಡೆ ನೋಡಿದೆ. ತೂತಿನೊಳಗಿನ ಮಗು ಎದ್ದು ನಿಂತಿತು. ತಿರುಗಲಿಲ್ಲ. ಪಕ್ಕಕ್ಕೆ ನಡೆದು ತೂತಿನ ಅಂಚು ದಾಟಿತು. ತೂತು ಖಾಲಿಯಾಯಿತು.

ಏಪ್ರಿಲ್ 19. ಹುಬ್ಬಳ್ಳಿ

ಒಪ್ಪಿಗೆ ಬಂತು. ಆಪರೇಷನ್ ಆಯಿತು. ಕಣ್ಣಿನೊಳಗೆ ಗಾಳಿಗುಳ್ಳೆ ಬಿಟ್ಟಿದ್ದಾರೆ. ಅದು ತೂತಿಗೆ ಒತ್ತಿಕೊಂಡಿರಲು ಮುಖ ಕೆಳಗೆ ಮಾಡಿಯೇ ಇರಬೇಕು, ಉಣ್ಣುವಾಗಲೂ, ಮಲಗುವಾಗಲೂ. ನೆಲದ ಮೇಲೆ ಪುಸ್ತಕವಿಟ್ಟು ಕೈ ಇಳಿಬಿಟ್ಟು ಬರೆಯುತ್ತಿದ್ದೇನೆ. ಅಕ್ಷರ ಕಾಣುವುದಿಲ್ಲ.

ಇಲ್ಲಿ ಎಲ್ಲರೂ ತಿಪ್ಪೇರುದ್ರಮ್ಮ ಅನ್ನುತ್ತಾರೆ. ಚೆನ್ನಾಗಿದೆ. ಮೊದಲ ದಿನ ಎರಡು ಸಲ ಕರೆಸಿಕೊಂಡೆ, ಈಗ ಒಂದೇ ಸಲಕ್ಕೆ ಓಗೊಡುತ್ತೇನೆ.

ಎಡಗಣ್ಣಿನ ಮಬ್ಬಿನಲ್ಲಿ ನೆಲ ಅಷ್ಟೇ ಕಾಣುತ್ತದೆ. ಮಂಚದ ಪಕ್ಕ ಎರಡು ಸಣ್ಣ ಪಾದ ಬಂದು ನಿಲ್ಲುತ್ತವೆ, ಧೂಳು ಮೆತ್ತಿದವು. ಪಕ್ಕದ ರೋಗಿಯ ಮೊಮ್ಮಗಳಿರಬೇಕೆಂದು ಬಿಸ್ಕತ್ತು ಚಾಚಿದೆ. ತೆಗೆದುಕೊಳ್ಳಲಿಲ್ಲ. ಈ ವಾರ್ಡಿಗೆ ಮಕ್ಕಳನ್ನು ಬಿಡುವುದಿಲ್ಲವಂತೆ, ನರ್ಸಮ್ಮ ಹೇಳಿದರು.

ಏಪ್ರಿಲ್ 22

ಮುಖ ಕೆಳಗೆ. ಪಾದಗಳು ಅಲ್ಲೇ.

ಜೂನ್ 5

ತೂತು ಮುಚ್ಚಿದೆ. ತಜ್ಞರು ಬೆನ್ನು ತಟ್ಟಿದರು. ಅವ್ವನ ಮುಖ ಪೂರ್ತಿ ಕಾಣುತ್ತದೆ. ಇಷ್ಟು ಮುದಿಯಾಗಿದ್ದಾಳೆಂದು ಗೊತ್ತಿರಲಿಲ್ಲ. ಅವಳು ನನ್ನನ್ನು ನೋಡುತ್ತಿರಲಿಲ್ಲ, ನನ್ನ ಸೊಂಟದ ಎತ್ತರಕ್ಕೆ ಪಕ್ಕದಲ್ಲಿ ನೋಡುತ್ತಿದ್ದಳು.

ಪದ್ಯದ ಪುಸ್ತಕ ತೆಗೆದೆ. ಅಕ್ಷರ ಎಲ್ಲವೂ ಇವೆ, ಒಂದೂ ತಪ್ಪಿಲ್ಲ, ಕಪ್ಪಗೆ, ಸಾಲಾಗಿ. ಒಂದು ಪುಟ ಓದಿದೆ. ಚೆನ್ನಾಗಿ ಆರಿಸಿಟ್ಟ ಕಾಳಿನ ಹಾಗಿತ್ತು. ಮುಚ್ಚಿಟ್ಟು ಅವ್ವನ ಜೊತೆ ನಿಜವಾದ ಕಾಳು ಆರಿಸಲು ಕೂತೆ. ಹಗುರವಾಯಿತು.

ಜೂನ್ 20

ಕಾಲೇಜು ಶುರುವಾಯಿತು. ವರಾಂಡದಲ್ಲಿ ನಡೆಯುವಾಗ ಹಿಂದಿನಿಂದ ಯಾರೋ ಸುಕನ್ಯಾ ಮೇಡಂ, ಸುಕನ್ಯಾ ಮೇಡಂ ಅಂತ ಕರೆಯುತ್ತಿದ್ದರು. ಆ ಮೇಡಂ ಯಾಕೆ ಓಗೊಡುತ್ತಿಲ್ಲವೋ ಅಂದುಕೊಂಡೆ. ತರಗತಿಯಲ್ಲಿ ವ್ಯಾಕರಣ ಮಾಡಿದೆ.

ಮನಿಗೆ ಬಂದಾಗ ಅವ್ವ ಹಿತ್ತಲಲ್ಲಿ ಮಲ್ಲಿಗೆ ಬಿಡಿಸುತ್ತಿದ್ದಳು. ಒಬ್ಬಳೇ ಮಾತಾಡುತ್ತಾಳೆ ಈಗೀಗ. "ಬಾ ಸುಕನ್ಯಾ, ಒಂದು ಹೂವು ಮುಡಿಸ್ತೀನಿ, ಈಗ ಕೂದಲ ಬಂದಾವಲ್ಲ" ಅನ್ನುತ್ತಿದ್ದಳು. ಆ ಹೆಸರು ಅವಳ ಬಾಯಲ್ಲಿ ಎಷ್ಟು ಮೆತ್ತಗೆ ಬರುತ್ತದೆ. ನನಗೇನೂ ಅನ್ನಿಸಲಿಲ್ಲ. ಅಕ್ಕಿ ತೊಳೆದಿಟ್ಟೆ, ಮೂವರಿಗಾಗುವಷ್ಟು.

ಕೋಣಿಯೊಳಗೆ ಯಾರೋ ಪುಟ ತಿರುಗಿಸುವ ಸದ್ದು. ಆಮೇಲೆ ಓದುವ ದನಿ, ಈಗಷ್ಟೇ ಅಕ್ಷರ ಕೂಡಿಸಲು ಕಲಿತ ಮಗುವಿನದು. ಜನವರಿಯಲ್ಲಿ ತರಗತಿಯಲ್ಲಿ ನಾನು ಓದುತ್ತಿದ್ದ ಪದ್ಯವೇ. ಸಾಲಿನ ನಡುವಿಗೆ ಬಂದು ದನಿ ನಿಂತಿತು. ನಾನು ಹೇಳಿಕೊಡಲಿ ಎಂದು ಕಾಯುತ್ತಿತ್ತು.

ಬಾಗಿಲ ಬಳಿ ಬಹಳ ಹೊತ್ತು ನಿಂತಿದ್ದೆ. ಅಲ್ಲಿ ಬರಬೇಕಾದ ಪದ ನನಗೆ ನೆನಪಾಗಲಿಲ್ಲ.